‘ಹಾರ್ಟ್’ ಎಂಬ ಪದದ ಚರಿತ್ರೆ

ಪರೀಕ್ಷೆಯ ದಿನಗಳು ಹತ್ತಿರವಾದಂತೆ ನಮ್ಮ ಶಾಲಾ ಕಾಲೇಜುಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ‘ಆ ಪದ್ಯ ಬೈಹಾರ್ಟ್ ಆಯಿತೇ?’, ‘ಈ ಸೂತ್ರವನ್ನು ಬೈಹಾರ್ಟ್ ಮಾಡಿಬಿಡು’, ‘ಅವನು ಉತ್ತರಗಳನ್ನೆಲ್ಲ ಬೈಹಾರ್ಟ್ ಮಾಡಿ ಬರೆದ’ ಎನ್ನುವ ಮಾತುಗಳನ್ನು ಕೇಳದವರಾರು? ಇಂಗ್ಲಿಷನ್ನು ಹೆಚ್ಚು ಓದದ ತಾಯಿತಂದೆಯರೂ ಈ ಪದವನ್ನು ಸಲೀಸಾಗಿ ಬಳಸುತ್ತಾರೆ. ಕನ್ನಡದ ‘ಮಾಡು’ ಕ್ರಿಯಾಪದದೊಡನೆ ಕೂಡಿ ಅದು ನಮ್ಮದೇ ಪದವೆಂಬಷ್ಟು ಬಳಕೆಗೆ ಬಂದುಬಿಟ್ಟಿದೆ.

ಆದರೆ ಒಂದು ಕ್ಷಣ ನಿಂತು ಯೋಚಿಸೋಣ. ಜೀವಶಾಸ್ತ್ರದ ಪಾಠದಲ್ಲಿ ನಾವು ಓದುವುದೇನು? ಹೃದಯವೆಂದರೆ ಮುಷ್ಟಿಗಾತ್ರದ, ನಾಲ್ಕು ಕೋಣೆಗಳ, ಸ್ನಾಯುವಿನಿಂದಾದ ಒಂದು ರಕ್ತದ ಪಂಪು. ನೆನಪು ಇರುವುದು ಮೆದುಳಿನಲ್ಲಿ. ಹಾಗಿದ್ದಮೇಲೆ ಪದ್ಯವನ್ನು ನೆನಪಿಟ್ಟುಕೊಳ್ಳುವ ಕೆಲಸಕ್ಕೆ ಇಂಗ್ಲಿಷ್ ಭಾಷೆ ಹೃದಯದ ಹೆಸರನ್ನೇಕೆ ಕೊಟ್ಟಿತು? ‘ಬೈ ಬ್ರೈನ್’ ಎಂದೇಕೆ ಹೇಳಲಿಲ್ಲ? ಈ ಸಣ್ಣ ಪ್ರಶ್ನೆಯ ಬೆನ್ನುಹತ್ತಿ ಹೊರಟರೆ ಮೂರು ಸಾವಿರ ವರ್ಷಗಳಿಗೂ ಹಿಂದಿನ ಒಂದು ದೊಡ್ಡ ವಾದಕ್ಕೆ ಹೋಗಿ ಮುಟ್ಟುತ್ತೇವೆ. ಮನುಷ್ಯನ ಮನಸ್ಸು ದೇಹದ ಯಾವ ಭಾಗದಲ್ಲಿದೆ ಎಂಬುದೇ ಆ ವಾದ.

ಪದದ ಕುಟುಂಬ

ಮೊದಲು ಪದದ ಹುಟ್ಟನ್ನು ನೋಡೋಣ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಹೆಯೊರ್ತೆ’. ಅದರ ಸೋದರ ಭಾಷೆಯಾದ ಜರ್ಮನ್‌ನಲ್ಲಿ ‘ಹೆರ್ಟ್ಸ್’, ಡಚ್ಚಿನಲ್ಲಿ ‘ಹಾರ್ಟ್’. ಲ್ಯಾಟಿನ್ನಿನಲ್ಲಿ ‘ಕೊರ್’, ವಿಭಕ್ತಿ ಸೇರಿದಾಗ ‘ಕೊರ್ದಿಸ್’. ಗ್ರೀಕಿನಲ್ಲಿ ‘ಕಾರ್ದಿಯಾ’. ಸಂಸ್ಕೃತದಲ್ಲಿ ‘ಹೃದ್’, ‘ಹೃದಯ’. ದೂರದೂರದ ಈ ಭಾಷೆಗಳ ನಡುವಿನ ಹೋಲಿಕೆ ಆಕಸ್ಮಿಕವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರಲ್ಲಿ ಹೇಳಿದ ಮಾತು ಪ್ರಸಿದ್ಧವಾಗಿದೆ.

ಲ್ಯಾಟಿನ್ನಿನ ‘ಕ’ಕಾರ ಇಂಗ್ಲಿಷಿನಲ್ಲಿ ‘ಹ’ಕಾರವಾಗುವುದಕ್ಕೂ ಒಂದು ನಿಯಮವಿದೆ. ಇದನ್ನು 1822ರಲ್ಲಿ ವ್ಯವಸ್ಥಿತವಾಗಿ ವಿವರಿಸಿದವರು ಜರ್ಮನಿಯ ಯಾಕೊಬ್ ಗ್ರಿಮ್. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರಲ್ಲಿ ಹಿರಿಯರು ಇವರೇ. ಲ್ಯಾಟಿನ್ನಿನ ‘ಕೆಂತುಮ್’ ಇಂಗ್ಲಿಷಿನಲ್ಲಿ ‘ಹಂಡ್ರೆಡ್’ ಆಗುತ್ತದೆ, ‘ಕೊರ್ನು’ ಎಂಬುದು ‘ಹಾರ್ನ್’ ಆಗುತ್ತದೆ. ಅದೇ ರೀತಿ ‘ದ’ಕಾರ ‘ಟ’ಕಾರವಾಗುತ್ತದೆ. ಆದ್ದರಿಂದ ‘ಕೊರ್ದ್’ ಎಂಬುದು ‘ಹಾರ್ಟ್’ ಆಯಿತು. ಸಂಸ್ಕೃತದ ‘ಹೃದ್’ನ ಮೊದಲ ಧ್ವನಿ ನಿಯಮಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲವಾದರೂ ಉಳಿದ ಸಾಮ್ಯಗಳಿಂದ ವಿದ್ವಾಂಸರು ಅದನ್ನು ಈ ಕುಟುಂಬಕ್ಕೇ ಸೇರಿಸುತ್ತಾರೆ.

ಈ ಕುಟುಂಬದ ಇನ್ನೊಂದು ಶಾಖೆ ಇನ್ನೂ ಸ್ವಾರಸ್ಯಕರವಾದದ್ದು. ಸಂಸ್ಕೃತದ ‘ಶ್ರದ್ಧಾ’ ಮತ್ತು ಲ್ಯಾಟಿನ್ನಿನ ‘ಕ್ರೇದೊ’ ಒಂದೇ ಮೂಲದ ಪದಗಳು. ಅವುಗಳ ಮೊದಲ ಭಾಗದಲ್ಲಿರುವುದು ಹೃದಯವಾಚಿಯಾದ ಈ ಧಾತುವೇ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಹೃದಯವನ್ನು ಇಡುವುದೇ ಶ್ರದ್ಧೆ. ಆ ‘ಕ್ರೇದೊ’ದಿಂದಲೇ ಇಂಗ್ಲಿಷಿನ ‘ಕ್ರೀಡ್’, ‘ಕ್ರೆಡಿಟ್’ ಪದಗಳು ಬಂದವು. ಬ್ಯಾಂಕಿನ ಕ್ರೆಡಿಟ್ಟಿಗೂ ದೇವರ ಮುಂದಿನ ಶ್ರದ್ಧೆಗೂ ಮೂಲ ಒಂದೇ ಎಂದರೆ ಆಶ್ಚರ್ಯವಲ್ಲವೇ?

ಬರೆಯುವಾಗ ‘ಇ’ ಮತ್ತು ‘ಎ’ ಅಕ್ಷರಗಳನ್ನು ಜೊತೆಗಿಟ್ಟು, ಓದುವಾಗ ‘ಆ’ ಎನ್ನುವುದೇಕೆ ಎಂದು ಅನೇಕ ವಿದ್ಯಾರ್ಥಿಗಳು ಕೇಳುತ್ತಾರೆ. ಮಧ್ಯಯುಗದ ಇಂಗ್ಲಿಷಿನಲ್ಲಿ ‘ಎರ್’ ಎಂದಿದ್ದ ಉಚ್ಚಾರ ಮುಂದೆ ಅನೇಕ ಪದಗಳಲ್ಲಿ ‘ಆರ್’ ಎಂದಾಯಿತು. ಕೆಲವು ಪದಗಳ ಕಾಗುಣಿತ ಹಳೆಯದಾಗಿಯೇ ಉಳಿಯಿತು. ‘ಸಾರ್ಜೆಂಟ್’ ಎಂಬ ಪದ, ಬ್ರಿಟನ್ನಿನವರು ‘ಕ್ಲಾರ್ಕ್’ ಎಂದು ಉಚ್ಚರಿಸುವ ಪದ, ಇವೆಲ್ಲ ಈ ಗುಂಪಿನವೇ. ಕಾಗುಣಿತವೂ ಒಂದು ಬಗೆಯ ಶಾಸನ. ಅಳಿದುಹೋದ ಧ್ವನಿಯನ್ನು ಅದು ಕಾಪಾಡಿಕೊಂಡಿರುತ್ತದೆ.

ಮನಸ್ಸು ಎಲ್ಲಿದೆ?

ಇನ್ನು ಆ ಹಳೆಯ ವಾದಕ್ಕೆ ಬರೋಣ. ಪ್ರಾಚೀನ ಈಜಿಪ್ಟಿನವರು ಮೃತದೇಹವನ್ನು ಮಮ್ಮಿಯಾಗಿ ಕಾಪಾಡುವಾಗ ಮೆದುಳನ್ನು ಮೂಗಿನ ಮೂಲಕ ತೆಗೆದು ಬಿಸಾಡುತ್ತಿದ್ದರು; ಹೃದಯವನ್ನು ಮಾತ್ರ ಜೋಪಾನವಾಗಿ ದೇಹದೊಳಗೇ ಬಿಡುತ್ತಿದ್ದರು. ಸತ್ತವನ ಹೃದಯವನ್ನು ಪರಲೋಕದಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಸತ್ಯದ ದೇವತೆಯಾದ ಮಾತ್‌ಳ ಗರಿಯನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗುತ್ತಾರೆಂಬುದು ಅವರ ನಂಬಿಕೆ. ಬುದ್ಧಿ, ನೆನಪು, ಪಾಪಪುಣ್ಯಗಳ ಲೆಕ್ಕ ಎಲ್ಲವೂ ಅವರ ಪಾಲಿಗೆ ಹೃದಯದಲ್ಲೇ ಇತ್ತು.

ಗ್ರೀಸಿನಲ್ಲಿ ಎರಡು ಪಕ್ಷಗಳಿದ್ದವು. ಹಿಪೊಕ್ರೇಟಿಸ್ ಪರಂಪರೆಯ ವೈದ್ಯರು ಮೂರ್ಛೆರೋಗದ ಬಗ್ಗೆ ಬರೆದ ಗ್ರಂಥವೊಂದರಲ್ಲಿ ಸುಖದುಃಖಗಳೂ ಆಲೋಚನೆಯೂ ಮೆದುಳಿನಿಂದಲೇ ಹುಟ್ಟುತ್ತವೆಂದು ಸ್ಪಷ್ಟವಾಗಿ ವಾದಿಸಿದರು. ಆದರೆ ಕ್ರಿಸ್ತಪೂರ್ವ 4ನೇ ಶತಮಾನದ ಮಹಾಪಂಡಿತ ಅರಿಸ್ಟಾಟಲ್ ಇದನ್ನು ಒಪ್ಪಲಿಲ್ಲ. ಹೃದಯವೇ ಸಂವೇದನೆಯ ಕೇಂದ್ರ, ಮೆದುಳಿನ ಕೆಲಸ ಹೃದಯದ ಬಿಸಿಯನ್ನು ತಣಿಸುವುದು ಎಂಬುದು ಅವನ ಮತ. ಇಂದು ನಮಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಅವನ ತರ್ಕದಲ್ಲಿ ವೀಕ್ಷಣೆಯ ಬಲವಿತ್ತು. ಮೊಟ್ಟೆಯೊಳಗಿನ ಕೋಳಿಮರಿಯಲ್ಲಿ ಮೊದಲು ಮಿಡಿಯುವಂತೆ ಕಾಣುವುದು ಹೃದಯ. ಭಯವಾದಾಗ, ಸಂತೋಷವಾದಾಗ ಬಡಿದುಕೊಳ್ಳುವುದೂ ಹೃದಯವೇ. ಮೆದುಳನ್ನು ಮುಟ್ಟಿದರೆ ಅದಕ್ಕೆ ನೋವೂ ಆಗುವುದಿಲ್ಲ.

ಕ್ರಿಸ್ತಶಕ 2ನೇ ಶತಮಾನದಲ್ಲಿ ರೋಮಿನಲ್ಲಿ ಹೆಸರಾಗಿದ್ದ ವೈದ್ಯ ಗೇಲನ್ ಇದಕ್ಕೆ ಪ್ರಯೋಗದಿಂದ ಉತ್ತರ ಕೊಟ್ಟ. ಕಿರುಚುತ್ತಿದ್ದ ಹಂದಿಯೊಂದರ ಗಂಟಲಿಗೆ ಹೋಗುವ ನರವನ್ನು ಜನರೆದುರಿಗೇ ಕತ್ತರಿಸಿದ. ಹಂದಿ ಒದ್ದಾಡುತ್ತಲೇ ಇತ್ತು, ಆದರೆ ದನಿ ನಿಂತುಹೋಯಿತು. ದನಿಯನ್ನು ಆಳುವುದು ಎದೆಯಲ್ಲ, ನರಗಳ ಮೂಲಕ ಮೆದುಳು ಎಂಬುದು ಸಿದ್ಧವಾಯಿತು. ಹೀಗಿದ್ದರೂ ಅರಿಸ್ಟಾಟಲನ ಪ್ರಭಾವ ಮುಂದೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕುಗ್ಗಲಿಲ್ಲ.

ನಮ್ಮ ದೇಶದ ವೈದ್ಯಗ್ರಂಥಗಳನ್ನು ನೋಡಿದರೂ ಇದೇ ಆಲೋಚನೆ ಕಾಣುತ್ತದೆ. ಚರಕ ಮತ್ತು ಸುಶ್ರುತ ಸಂಹಿತೆಗಳೆರಡೂ ಹೃದಯವನ್ನು ಚೇತನದ ಸ್ಥಾನವೆಂದು ಕರೆಯುತ್ತವೆ. ಕೆಳಮುಖವಾದ ತಾವರೆಯ ಮೊಗ್ಗಿನಂತೆ ಅದರ ಆಕಾರವೆಂದು ಸುಶ್ರುತ ವರ್ಣಿಸುತ್ತಾನೆ. ‘ಹೃದ್ರೋಗ’ ಎಂಬ ಪದವಂತೂ ಋಗ್ವೇದದಷ್ಟು ಹಳೆಯದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೆಸರಿನಲ್ಲಿ ಆ ಪ್ರಾಚೀನ ಪದವೇ ಇಂದಿಗೂ ಜೀವಂತವಾಗಿದೆ.

ನೆನಪು ಮತ್ತು ಹೃದಯ

ಈಗ ‘ಬೈ ಹಾರ್ಟ್’ ಎಂಬ ಪ್ರಯೋಗದ ಗುಟ್ಟು ಬಿಡಿಸಿಕೊಳ್ಳುತ್ತದೆ. ಬುದ್ಧಿಯೂ ನೆನಪೂ ಹೃದಯದಲ್ಲಿವೆ ಎಂದು ನಂಬಿದ ಕಾಲದಲ್ಲಿ ಹುಟ್ಟಿದ ಮಾತು ಅದು. ನೆನಪಿಸಿಕೊಳ್ಳುವುದಕ್ಕೆ ಲ್ಯಾಟಿನ್ನಿನಲ್ಲಿದ್ದ ‘ರೆಕೊರ್ದಾರಿ’ ಎಂಬ ಪದದ ನಡುವೆಯೂ ‘ಕೊರ್ದ್’ ಇದೆ. ಮತ್ತೆ ಹೃದಯಕ್ಕೆ ತಂದುಕೊಳ್ಳುವುದು ಎಂಬುದು ಅದರ ಅರ್ಥ. ನಾವು ನಿತ್ಯ ಬಳಸುವ ‘ರೆಕಾರ್ಡ್’ ಎಂಬ ಪದ ಬಂದದ್ದು ಅಲ್ಲಿಂದಲೇ. ಕಚೇರಿಯ ರೆಕಾರ್ಡ್ ಆಗಲಿ, ಹಾಡಿನ ರೆಕಾರ್ಡ್ ಆಗಲಿ, ಕ್ರಿಕೆಟ್ಟಿನ ರೆಕಾರ್ಡ್ ಆಗಲಿ, ಎಲ್ಲದರ ಒಡಲಲ್ಲಿ ಒಂದು ಹೃದಯ ಅಡಗಿದೆ. ಫ್ರೆಂಚರು ಇಂದಿಗೂ ಪಾಠವನ್ನು ‘ಪಾರ್ ಕ್ಯೋರ್’ ಕಲಿಯುತ್ತಾರೆ, ಅಂದರೆ ಹೃದಯದಿಂದ ಕಲಿಯುತ್ತಾರೆ. ಇಂಗ್ಲಿಷ್ ಕವಿ ಚಾಸರ್ 14ನೇ ಶತಮಾನದ ಕೊನೆಯ ಭಾಗದಲ್ಲಿ ಬರೆದ ‘ಟ್ರಾಯ್ಲಸ್ ಅಂಡ್ ಕ್ರಿಸೇಡ್’ ಎಂಬ ಕಥನಕಾವ್ಯದಲ್ಲಿಯೇ ‘ಬೈ ಹಾರ್ಟ್’ ಎಂಬ ಪ್ರಯೋಗ ಬಂದಿದೆ.

ಆಗ ಯುರೋಪಿನಲ್ಲಿ ಅಚ್ಚುಯಂತ್ರ ಇರಲಿಲ್ಲ ಎಂಬುದನ್ನು ಮರೆಯಬಾರದು. ಗುಟೆನ್‌ಬರ್ಗನ ಮುದ್ರಿತ ಬೈಬಲ್ ಹೊರಬಂದದ್ದು 1455ರ ಸುಮಾರಿಗೆ. ಅದಕ್ಕೆ ಮೊದಲು ಪುಸ್ತಕವೆಂದರೆ ಕೈಬರಹದ ದುಬಾರಿ ವಸ್ತು. ಒಬ್ಬನ ಬಳಿ ಇರುವ ವಿದ್ಯೆಯೆಂದರೆ ಅವನು ಎದೆಯಲ್ಲಿ ಹೊತ್ತು ತಿರುಗುವಷ್ಟು ಮಾತ್ರ. ನಮ್ಮಲ್ಲಿಯೂ ವೇದಪಾಠಿಗಳು ಪದ, ಕ್ರಮ, ಜಟೆ, ಘನ ಎಂಬ ಪಾಠಕ್ರಮಗಳಿಂದ ಒಂದು ಸ್ವರವೂ ತಪ್ಪದಂತೆ ಶತಮಾನಗಳ ಕಾಲ ಗ್ರಂಥಗಳನ್ನು ಉಳಿಸಿದರು. ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಒಂದೇ ಕೊರಲಿನಲ್ಲಿ ಮಗ್ಗಿ ಹೇಳುತ್ತಿದ್ದುದೂ ಇದೇ ಪರಂಪರೆಯ ಮಾತು.

ಇಲ್ಲೊಂದು ಭೇದವನ್ನು ಗಮನಿಸಿ. ನಾವು ಹೀಗೆ ಕಲಿತದ್ದನ್ನು ‘ಕಂಠಪಾಠ’ ಎಂದೆವು, ‘ಬಾಯಿಪಾಠ’ ಎಂದೆವು. ಇಂಗ್ಲಿಷರು ನೆನಪನ್ನು ಎದೆಯಲ್ಲಿಟ್ಟರೆ ನಾವು ಗಂಟಲಲ್ಲಿ, ನಾಲಗೆಯ ಮೇಲೆ ಇಟ್ಟೆವು. ಅವರು ನೆನಪು ಎಲ್ಲಿ ಉಳಿಯುತ್ತದೆ ಎಂಬುದನ್ನು ನೋಡಿದರು. ನಾವು ಅದು ಎಲ್ಲಿಂದ ಹೊರಬರುತ್ತದೆ ಎಂಬುದನ್ನು ನೋಡಿದೆವು. ಒಂದೇ ಕೆಲಸ, ಎರಡು ಭಾಷೆಗಳ ಎರಡು ನೋಟ.

ಭಾವಗಳ ಅಂಗಗಳು

ಹೃದಯವೊಂದೇ ಅಲ್ಲ, ಹಿಂದಿನ ಕಾಲದಲ್ಲಿ ದೇಹದ ಪ್ರತಿಯೊಂದು ಅಂಗಕ್ಕೂ ಒಂದೊಂದು ಭಾವವನ್ನು ಹಂಚಿಕೊಟ್ಟಿದ್ದರು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದ್ರವಗಳು ಮನುಷ್ಯನ ಸ್ವಭಾವವನ್ನು ನಿರ್ಧರಿಸುತ್ತವೆಂಬ ಸಿದ್ಧಾಂತ ಯುರೋಪಿನಲ್ಲಿ ಬಹುಕಾಲ ನಡೆಯಿತು. ಇಂಗ್ಲಿಷಿನಲ್ಲಿ ‘ಲಿವರ್’ ಅಂದರೆ ಯಕೃತ್ತು ಧೈರ್ಯದ ನೆಲೆ. ಹೇಡಿಯ ಯಕೃತ್ತಿನಲ್ಲಿ ರಕ್ತವಿಲ್ಲದೆ ಅದು ಬೆಳ್ಳಗಿರುತ್ತದೆಂದು ನಂಬಿ ಅವನನ್ನು ‘ಲಿಲಿ ಲಿವರ್ಡ್’ ಎಂದರು. ‘ಸ್ಪ್ಲೀನ್’ ಅಂದರೆ ಗುಲ್ಮವು ಸಿಡುಕಿನ ತವರು. ‘ಗಾಲ್’ ಅಂದರೆ ಪಿತ್ತವು ಕಹಿಯ ಮತ್ತು ಉದ್ಧಟತನದ ಗುರುತು. ಒಂದೇ ಸ್ವಭಾವದವರನ್ನು ಒಂದೇ ‘ಕಿಡ್ನಿ’ಯವರು ಎಂದೂ ಹೇಳುತ್ತಿದ್ದರು. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ‘ಬವೆಲ್ಸ್’, ಅಂದರೆ ಕರುಳು ಎಂಬ ಪದವನ್ನು ದಯೆ ಎಂಬ ಅರ್ಥದಲ್ಲಿ ಬಳಸಲಾಗಿದೆ.

ಕನ್ನಡ ಬಲ್ಲವರಿಗೆ ಇದು ಹೊಸದೇನಲ್ಲ. ‘ಹೆತ್ತ ಕರುಳು’ ಎಂದರೆ ನಮಗೆ ತಾಯಿಯ ಮಮತೆ. ಮತ್ಸರಕ್ಕೆ ನಾವು ‘ಹೊಟ್ಟೆಕಿಚ್ಚು’ ಎನ್ನುತ್ತೇವೆ. ಧೈರ್ಯಕ್ಕೆ ‘ಎದೆಗಾರಿಕೆ’; ಧೈರ್ಯ ಕಳೆದುಕೊಂಡರೆ ‘ಎದೆಗುಂದುವುದು’; ಮಹಾಧೈರ್ಯವಂತನಾದರೆ ಅವನದು ‘ಎಂಟೆದೆ’. ಹಳಗನ್ನಡದಲ್ಲಿ ‘ಎರ್ದೆ’ ಎಂಬ ರೂಪದಲ್ಲಿದ್ದ ಈ ಪದ ದೇಹದ ಭಾಗವನ್ನೂ ಮನಸ್ಸನ್ನೂ ಒಟ್ಟಿಗೇ ಹೇಳುತ್ತದೆ. ಇಂಗ್ಲಿಷಿನ ‘ಕರೇಜ್’ ಪದವೂ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಕೊರ್’ನಿಂದಲೇ ಬಂದದ್ದು. ಅದು ಅವರ ಎದೆಗಾರಿಕೆ.

ಕಾಲಕ್ರಮದಲ್ಲಿ ಇಂಗ್ಲಿಷಿನ ಯಕೃತ್ತು, ಗುಲ್ಮ, ಕರುಳುಗಳ ಭಾವಾರ್ಥಗಳು ಮಂಕಾದವು. ಇಂದು ಇಂಗ್ಲಿಷಿನಲ್ಲಿ ‘ಲಿವರ್’ ಎಂದರೆ ವೈದ್ಯರ ಮಾತು ಅಥವಾ ಅಡುಗೆಯ ಮಾತು. ಹೃದಯ ಮಾತ್ರ ತನ್ನ ಸಿಂಹಾಸನವನ್ನು ಬಿಟ್ಟುಕೊಡಲಿಲ್ಲ. ಅದನ್ನು ಕೆಳಗಿಳಿಸಬಹುದಾಗಿದ್ದ ದೊಡ್ಡ ವೈಜ್ಞಾನಿಕ ಪೆಟ್ಟು ಬಿದ್ದದ್ದು 1628ರಲ್ಲಿ.

ಹಾರ್ವೆಯ ಲೆಕ್ಕ

ವಿಲಿಯಂ ಹಾರ್ವೆ 1578ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಹುಟ್ಟಿದ. ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ವೈದ್ಯವಿದ್ಯೆ ಕಲಿತು 1602ರಲ್ಲಿ ಪದವಿ ಪಡೆದ. ರಕ್ತ ಯಕೃತ್ತಿನಲ್ಲಿ ಸದಾ ಹೊಸದಾಗಿ ತಯಾರಾಗಿ, ದೇಹದ ಭಾಗಗಳಿಗೆ ಹರಿದು ಅಲ್ಲಿಯೇ ಬಳಕೆಯಾಗಿ ಮುಗಿಯುತ್ತದೆ ಎಂಬ ಗೇಲನನ ಮತ ಆಗ ಪಾಠವಾಗಿತ್ತು. ಹೃದಯದ ನಡುಗೋಡೆಯಲ್ಲಿ ಕಾಣದ ರಂಧ್ರಗಳಿವೆ, ಅವುಗಳ ಮೂಲಕ ರಕ್ತ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸೋರುತ್ತದೆ ಎಂದೂ ಗೇಲನ್ ಹೇಳಿದ್ದ. ಅಂಥ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಹಾದುಬರಬೇಕು ಎಂದು 13ನೇ ಶತಮಾನದಲ್ಲಿಯೇ ಅರಬ್ ವೈದ್ಯ ಇಬ್ನ್ ಅಲ್ ನಫೀಸ್ ಬರೆದಿದ್ದ. ಆದರೆ ಅವನ ಹಸ್ತಪ್ರತಿಯ ಮಹತ್ತ್ವ ಆಧುನಿಕ ಲೋಕಕ್ಕೆ ತಿಳಿದದ್ದು 1924ರಲ್ಲಿ.

ಹಾರ್ವೆ ಮಾಡಿದ್ದು ಒಂದು ಸರಳವಾದ ಲೆಕ್ಕ. ನೀವೂ ಇಂದಿನ ಅಂಕಿಗಳಿಂದ ಅದನ್ನು ಮಾಡಿ ನೋಡಬಹುದು. ಹೃದಯ ಒಂದು ಸಲ ಮಿಡಿದಾಗ ಸುಮಾರು 70 ಮಿಲಿಲೀಟರ್ ರಕ್ತ ಹೊರಬೀಳುತ್ತದೆ. ನಿಮಿಷಕ್ಕೆ 70 ಮಿಡಿತವೆಂದರೆ 4,900 ಮಿಲಿಲೀಟರ್, ಅಂದರೆ ಹತ್ತಿರ ಹತ್ತಿರ 5 ಲೀಟರ್. ಗಂಟೆಗೆ ಸುಮಾರು 300 ಲೀಟರ್. ಪ್ರಾಪ್ತ ವಯಸ್ಸಿನವರ ದೇಹದಲ್ಲಿರುವ ಒಟ್ಟು ರಕ್ತವೋ ಕೇವಲ 5 ಲೀಟರಿನಷ್ಟು. ತಿಂದ ಅನ್ನದಿಂದ ಗಂಟೆಗೆ 300 ಲೀಟರ್ ಹೊಸ ರಕ್ತ ತಯಾರಾಗುವುದು ಸಾಧ್ಯವೇ? ಸಾಧ್ಯವಿಲ್ಲ. ಹಾಗಾದರೆ ಅದೇ ರಕ್ತ ಸುತ್ತಿ ಸುತ್ತಿ ಹೃದಯಕ್ಕೆ ಮರಳುತ್ತಿರಬೇಕು. ಹಾರ್ವೆ ಬಳಸಿದ ಅಂಕಿಗಳು ಇದಕ್ಕಿಂತ ಬಹಳ ಚಿಕ್ಕವು. ಆದರೂ ಅವನ ತೀರ್ಮಾನ ಇದೇ ಆಗಿತ್ತು. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ಅಭಿಧಮನಿಯನ್ನು ಬೆರಳಿನಿಂದ ಒತ್ತಿ, ರಕ್ತ ಹೃದಯದ ಕಡೆಗೆ ಮಾತ್ರ ಹರಿಯುವುದನ್ನು ಅವನು ತೋರಿಸಿದ. 1628ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ, ಲ್ಯಾಟಿನ್ನಿನಲ್ಲಿದ್ದ ಅವನ ಪುಸ್ತಕ ನೂರು ಪುಟವನ್ನೂ ಮೀರಿರಲಿಲ್ಲ. ಅದು ಹೊರಬಂದ ಮೇಲೆ ಅವನ ಬಳಿ ಬರುವ ರೋಗಿಗಳ ಸಂಖ್ಯೆ ಇಳಿಯಿತೆಂದು ಅವನ ಪರಿಚಯಸ್ಥ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಹೊಸ ಸತ್ಯವನ್ನು ಹೇಳಿದವರಿಗೆ ಲೋಕ ಮೊದಲು ಕೊಡುವ ಬಹುಮಾನ ಇದೇ ಇರಬೇಕು. ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸುವ ಸೂಕ್ಷ್ಮ ಲೋಮನಾಳಗಳನ್ನು 1661ರಲ್ಲಿ ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡಾಗ ಹಾರ್ವೆ ಬದುಕಿರಲಿಲ್ಲ. ಆದರೆ ಅವನ ವಾದ ಪೂರ್ಣವಾಯಿತು.

ಹೃದಯ ಪಂಪು ಎಂದು ಸಿದ್ಧವಾಯಿತು. ಆದರೂ ಯಾರೂ ‘ನನ್ನ ಪಂಪು ಒಡೆಯಿತು’ ಎಂದು ದುಃಖಿಸಲಿಲ್ಲ! ‘ಹಾರ್ಟ್‌ಬ್ರೋಕನ್’ ಎಂಬ ಮಾತು ಹಾಗೆಯೇ ಉಳಿಯಿತು. ಇದಕ್ಕೆ ಕಾರಣ ಬರಿಯ ಕವಿಗಳ ಹಟವಲ್ಲ. ಮೆದುಳಿನಲ್ಲಿ ಹುಟ್ಟುವ ಭಯ, ಹರ್ಷ, ಕೋಪಗಳು ನರಗಳ ಮೂಲಕವೂ ಅಡ್ರಿನಲಿನ್ ಎಂಬ ಹಾರ್ಮೋನಿನ ಮೂಲಕವೂ ಕೂಡಲೇ ಹೃದಯಕ್ಕೆ ಮುಟ್ಟುತ್ತವೆ. ಯಕೃತ್ತಿನ ಕೆಲಸ ನಮ್ಮ ಅರಿವಿಗೆ ಬರುವುದಿಲ್ಲ. ಹೃದಯದ ಬಡಿತ ಬರುತ್ತದೆ. ಭಾವವನ್ನು ಹುಟ್ಟಿಸುವುದು ಮೆದುಳಾದರೂ ಡಂಗುರ ಹೊಡೆಯುವುದು ಹೃದಯ. 1990ರಲ್ಲಿ ಜಪಾನಿನ ವೈದ್ಯರು ವರ್ಣಿಸಿದ ‘ತಕೊತ್ಸುಬೊ’ ಎಂಬ ಸ್ಥಿತಿಯಲ್ಲಿ, ಆಪ್ತರ ಸಾವಿನಂಥ ತೀವ್ರ ಆಘಾತದ ನಂತರ ಹೃದಯದ ಸ್ನಾಯು ತಾತ್ಕಾಲಿಕವಾಗಿ ದುರ್ಬಲವಾಗಿ, ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರ ತಾಳುತ್ತದೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಹಳೆಯ ಮಾತು ಪೂರ್ತಿ ಸುಳ್ಳಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಮತ್ತೊಬ್ಬರ ಹೃದಯ

ಹಾರ್ವೆಯ ನಂತರದ ಎರಡನೆಯ ದೊಡ್ಡ ಪರೀಕ್ಷೆ ಬಂದದ್ದು 1967ರ ಡಿಸೆಂಬರ್ 3ರಂದು. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರು ಅಪಘಾತದಲ್ಲಿ ಮಡಿದ ಯುವತಿಯೊಬ್ಬಳ ಹೃದಯವನ್ನು ಲೂಯಿಸ್ ವಾಶ್ಕಾನ್ಸ್ಕಿ ಎಂಬವರ ಎದೆಯಲ್ಲಿ ಕಸಿಮಾಡಿದರು. ಆತ 18 ದಿನ ಬದುಕಿದರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಅವರು 1968ರ ಫೆಬ್ರವರಿಯಲ್ಲಿಯೇ ಈ ಪ್ರಯತ್ನ ಮಾಡಿದರು; ರೋಗಿ ಉಳಿಯಲಿಲ್ಲ. ಭಾರತದಲ್ಲಿ ಮೊದಲ ಯಶಸ್ವಿ ಹೃದಯ ಕಸಿಯನ್ನು ಡಾ. ಪಿ. ವೇಣುಗೋಪಾಲ್ ಅವರು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 1994ರ ಆಗಸ್ಟ್ 3ರಂದು ನಡೆಸಿದರು.

ಇಲ್ಲಿ ಪದದ ಪ್ರಶ್ನೆ ಸಾವುಬದುಕಿನ ಪ್ರಶ್ನೆಯಾಯಿತು. ಅಂದಿನವರೆಗೆ ಸಾವು ಎಂದರೆ ಹೃದಯ ನಿಲ್ಲುವುದು. ಆದರೆ ಕಸಿಗೆ ಬೇಕಾದದ್ದು ಇನ್ನೂ ಮಿಡಿಯುತ್ತಿರುವ ಹೃದಯ. ಯಂತ್ರದ ನೆರವಿನಿಂದ ಉಸಿರಾಟ ನಡೆದು ಹೃದಯ ಬಡಿಯುತ್ತಿದ್ದರೂ ಮೆದುಳು ಮರಳಿಬಾರದಂತೆ ನಿಂತುಹೋದ ವ್ಯಕ್ತಿಯನ್ನು ಬದುಕಿದ್ದಾನೆ ಎನ್ನಬೇಕೇ? 1968ರಲ್ಲಿ ಹಾರ್ವರ್ಡ್ ವೈದ್ಯವಿದ್ಯಾಲಯದ ಸಮಿತಿಯೊಂದು ಮೆದುಳಿನ ಸಾವನ್ನೇ ಸಾವೆಂದು ಪರಿಗಣಿಸುವ ಮಾನದಂಡಗಳನ್ನು ಮುಂದಿಟ್ಟಿತು. ಭಾರತದಲ್ಲಿ 1994ರ ಮಾನವ ಅಂಗಗಳ ಕಸಿ ಕಾಯಿದೆ ಮಿದುಳುಕಾಂಡದ ಸಾವಿಗೆ ಕಾನೂನಿನ ಮನ್ನಣೆ ನೀಡಿತು. ಹಿಪೊಕ್ರೇಟಿಸನ ಶಿಷ್ಯರಿಗೂ ಅರಿಸ್ಟಾಟಲನಿಗೂ ನಡೆದಿದ್ದ ವಾದಕ್ಕೆ ಎರಡು ಸಾವಿರ ವರ್ಷಗಳ ಮೇಲೆ ಕಾನೂನಿನ ಪುಸ್ತಕದಲ್ಲಿ ತೀರ್ಪು ಬಂದಂತಾಯಿತು. ಇಂದು ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆ ಅಂಗದಾನದ ಕಾರ್ಯವನ್ನು ಸಮನ್ವಯಗೊಳಿಸುತ್ತದೆ. ತೆಗೆದ ಹೃದಯವನ್ನು ಸಾಮಾನ್ಯವಾಗಿ ಸುಮಾರು ನಾಲ್ಕು ಗಂಟೆಯೊಳಗೆ ಜೋಡಿಸಬೇಕು. ಅದಕ್ಕಾಗಿಯೇ ಬೆಂಗಳೂರಿನ ರಸ್ತೆಗಳಲ್ಲಿ ವಾಹನಗಳನ್ನು ತಡೆದು ಆಂಬುಲೆನ್ಸಿಗೆ ದಾರಿ ಬಿಡಿಸುವುದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ.

ಕಸಿಮಾಡುವಾಗ ಹೃದಯದ ನರಗಳು ಕತ್ತರಿಸಿಹೋಗುತ್ತವೆ. ಆದ್ದರಿಂದ ಹೊಸ ಹೃದಯ ವಿಶ್ರಾಂತಿಯಲ್ಲಿಯೂ ಸ್ವಲ್ಪ ವೇಗವಾಗಿಯೇ ಬಡಿಯುತ್ತದೆ. ಹಠಾತ್ತನೆ ಭಯವಾದರೆ ಅದು ಕೂಡಲೇ ಡವಗುಟ್ಟುವುದಿಲ್ಲ. ರಕ್ತದಲ್ಲಿ ಅಡ್ರಿನಲಿನ್ ಬಂದು ಮುಟ್ಟಿದ ಮೇಲೆ ನಿಧಾನವಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಆದರೂ ಆ ವ್ಯಕ್ತಿ ಹೆದರುತ್ತಾನೆ, ನಗುತ್ತಾನೆ, ತನ್ನ ಹೆಂಡತಿ ಮಕ್ಕಳನ್ನು ಹಿಂದಿನಂತೆಯೇ ಪ್ರೀತಿಸುತ್ತಾನೆ. ಪ್ರೀತಿ ಹಳೆಯ ಹೃದಯದೊಂದಿಗೆ ಹೊರಟುಹೋಗುವುದಿಲ್ಲ.

ನಿತ್ಯದ ಬಳಕೆ

ಈ ಪದವನ್ನು ಬಳಸುವಾಗ ವಿದ್ಯಾರ್ಥಿಗಳು ಕೆಲವು ಭೇದಗಳನ್ನು ತಿಳಿದಿರಬೇಕು. ‘ಟೇಕ್ ಹಾರ್ಟ್’ ಎಂದರೆ ಧೈರ್ಯ ತಂದುಕೊಳ್ಳುವುದು. ‘ಟೇಕ್ ಟು ಹಾರ್ಟ್’ ಎಂದರೆ ಮನಸ್ಸಿಗೆ ಹಚ್ಚಿಕೊಳ್ಳುವುದು. ‘ಲೂಸ್ ಹಾರ್ಟ್’ ಎಂದರೆ ಎದೆಗುಂದುವುದು. ಅದೇ ‘ಲೂಸ್ ಒನ್ಸ್ ಹಾರ್ಟ್’ ಎಂದರೆ ಪ್ರೀತಿಯಲ್ಲಿ ಬೀಳುವುದು. ‘ಹಾರ್ಟಿ’ ಎಂಬುದು ಸಂತೋಷದ ಪದ. ಅಭಿನಂದನೆಗೆ ಅದು ಸರಿ. ಸಂತಾಪ ಸೂಚಿಸುವಾಗ ಅದನ್ನು ಬಳಸಿದರೆ ಅಪಚಾರವಾಗುತ್ತದೆ. ಅಲ್ಲಿ ‘ಹಾರ್ಟ್‌ಫೆಲ್ಟ್’ ಎನ್ನಬೇಕು. ಇನ್ನು ‘ಕರೋನರಿ’ ಎಂಬ ಪದವನ್ನು ‘ಕೊರ್’ನ ಸಂತಾನವೆಂದು ತಿಳಿಯಬೇಡಿ. ಕಿರೀಟಕ್ಕೆ ಲ್ಯಾಟಿನ್ನಿನಲ್ಲಿ ‘ಕೊರೋನಾ’ ಎನ್ನುತ್ತಾರೆ. ಕಿರೀಟದಂತೆ ಹೃದಯವನ್ನು ಸುತ್ತಿರುವ ರಕ್ತನಾಳಗಳಿಗೆ ಆ ಹೆಸರು. ಕೊರೋನಾ ವೈರಸ್ಸಿನ ಹೆಸರೂ ಅಲ್ಲಿಂದಲೇ ಬಂದದ್ದು.

ಇವೆಲ್ಲ ಭಾಷೆಯ ತಪ್ಪುಗಳು, ತಿದ್ದಿಕೊಳ್ಳಬಹುದು. ಆದರೆ ಕೆಲವು ಗೊಂದಲಗಳು ಜೀವವನ್ನೇ ತೆಗೆಯಬಲ್ಲವು. ‘ಹಾರ್ಟ್‌ಬರ್ನ್’ ಎಂಬ ಇಂಗ್ಲಿಷ್ ಪದಕ್ಕೂ ನಮ್ಮ ‘ಎದೆಯುರಿ’ಗೂ ಹೃದಯದೊಡನೆ ಸಂಬಂಧವಿಲ್ಲ, ಜಠರದ ಆಮ್ಲ ಅನ್ನನಾಳಕ್ಕೆ ಉಕ್ಕುವುದರಿಂದ ಆಗುವ ಉರಿ ಅದು. ಪ್ರಾಚೀನ ಗ್ರೀಕರು ಜಠರದ ಮೇಲ್ಬಾಯಿಯನ್ನೂ ‘ಕಾರ್ದಿಯಾ’ ಎಂದೇ ಕರೆಯುತ್ತಿದ್ದರು. ಇದಕ್ಕೆ ತಿರುಗುಮುರುಗಾಗಿ, ನಿಜವಾದ ಹೃದಯಾಘಾತವನ್ನು ‘ಗ್ಯಾಸ್’ ಎಂದು ತಿಳಿದು ಮನೆಯಲ್ಲೇ ಕುಳಿತು ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಎದೆಯ ನಡುವೆ ಹಿಂಡಿದಂಥ ಭಾರ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರಿನ ಕಷ್ಟ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಲ್ಲಿಯೂ ಹೆಂಗಸರಲ್ಲಿಯೂ ಕೆಲವೊಮ್ಮೆ ಲಕ್ಷಣಗಳು ಇಷ್ಟು ಸ್ಪಷ್ಟವಾಗಿರುವುದಿಲ್ಲ.

ಯಾರಾದರೂ ಹಠಾತ್ತನೆ ತೀರಿಕೊಂಡರೆ ‘ಹಾರ್ಟ್‌ಫೇಲ್ ಆಯಿತು’ ಎನ್ನುತ್ತೇವೆ. ವೈದ್ಯರ ಭಾಷೆಯಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ. ‘ಹಾರ್ಟ್ ಅಟ್ಯಾಕ್’ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಮುಚ್ಚಿಕೊಳ್ಳುವುದು. ‘ಕಾರ್ಡಿಯಾಕ್ ಅರೆಸ್ಟ್’ ಎಂದರೆ ಹೃದಯದ ಬಡಿತ ತಟ್ಟನೆ ನಿಂತು ವ್ಯಕ್ತಿ ಕುಸಿಯುವುದು. ಆಗ ಪಕ್ಕದಲ್ಲಿರುವವರು 108ಕ್ಕೆ ಕರೆಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಂತೆ ಬಲವಾಗಿ ಒತ್ತುತ್ತಿರಬೇಕು. ‘ಹಾರ್ಟ್ ಫೇಲ್ಯೂರ್’ ಎಂದರೆ ಹೃದಯ ನಿಂತುಹೋಗುವುದಲ್ಲ. ಅದರ ಪಂಪುಮಾಡುವ ಶಕ್ತಿ ಕುಂದುವುದು. ಚಿಕಿತ್ಸೆಯಿಂದ ಅಂಥವರು ವರ್ಷಗಟ್ಟಲೆ ಬದುಕಬಹುದು. ಆ ಇಂಗ್ಲಿಷ್ ಪದವನ್ನು ವರದಿಯಲ್ಲಿ ಓದಿದೊಡನೆ ಎಲ್ಲ ಮುಗಿಯಿತೆಂದು ಔಷಧ ಬಿಡುವುದು ತಪ್ಪು.

ನಮ್ಮ ಕಾಲದಲ್ಲಿ ಈ ಪದ ಅಕ್ಷರವನ್ನೂ ದಾಟಿ ಚಿತ್ರವಾಗಿದೆ. ಮಿಲ್ಟನ್ ಗ್ಲೇಸರ್ ಎಂಬ ಕಲಾವಿದರು ನ್ಯೂಯಾರ್ಕ್ ರಾಜ್ಯದ ಪ್ರವಾಸೋದ್ಯಮಕ್ಕಾಗಿ ರಚಿಸಿ 1977ರಲ್ಲಿ ಬಳಕೆಗೆ ಬಂದ ಲಾಂಛನದಲ್ಲಿ ‘ಪ್ರೀತಿಸುತ್ತೇನೆ’ ಎಂಬ ಕ್ರಿಯಾಪದದ ಜಾಗದಲ್ಲಿ ಒಂದು ಕೆಂಪು ಹೃದಯವನ್ನಿಟ್ಟರು. ಅದು ಎಷ್ಟು ಹಬ್ಬಿತೆಂದರೆ 2011ರಲ್ಲಿ ಆಕ್ಸ್‌ಫರ್ಡ್ ನಿಘಂಟು ‘ಹಾರ್ಟ್’ ಪದಕ್ಕೆ ಪ್ರೀತಿಸು ಎಂಬ ಕ್ರಿಯಾರ್ಥವನ್ನೂ ಸೇರಿಸಿತು. ಇಂದು ಮೊಬೈಲಿನಲ್ಲಿ ಬೆರಳು ಒತ್ತಿದರೆ ಸಾಕು, ಹೃದಯ ರವಾನೆಯಾಗುತ್ತದೆ. ಆ ಚಿತ್ರಕ್ಕೂ ನಮ್ಮ ಎದೆಯೊಳಗಿನ ಅಂಗಕ್ಕೂ ಆಕಾರದಲ್ಲಿ ಹೆಚ್ಚಿನ ಹೋಲಿಕೆಯಿಲ್ಲ ಎಂಬುದು ಬೇರೆ ಮಾತು.

ಉರುಹೊಡೆಯುವುದೂ ಹೃದ್ಗತವೂ

ಕೊನೆಗೆ ‘ಬೈಹಾರ್ಟ್’ಗೆ ಬರೋಣ. ಇಂಗ್ಲಿಷಿನಲ್ಲಿ ಎರಡು ಮಾತುಗಳಿವೆ. ಅರ್ಥವರಿಯದೆ ಯಾಂತ್ರಿಕವಾಗಿ ಒಪ್ಪಿಸುವುದು ‘ಬೈ ರೋಟ್’. ನೆನಪಿನಲ್ಲಿ ಪೂರ್ತಿಯಾಗಿ ನೆಲೆಗೊಳಿಸುವುದು ‘ಬೈ ಹಾರ್ಟ್’. ನಮ್ಮ ಪರೀಕ್ಷೆಯ ಪದ್ಧತಿಯಲ್ಲಿ ಈ ಎರಡೂ ಬೆರೆತುಹೋಗಿ, ‘ಬೈಹಾರ್ಟ್ ಮಾಡುವವನು’ ಎಂಬುದು ಹೆಚ್ಚುಕಡಿಮೆ ಬೈಗುಳವಾಗಿದೆ. ಆದರೆ ಕನ್ನಡದಲ್ಲಿಯೂ ಈ ಭೇದ ಇದೆ. ಒಂದು ‘ಉರುಹೊಡೆಯುವುದು’, ಇನ್ನೊಂದು ‘ಹೃದ್ಗತ ಮಾಡಿಕೊಳ್ಳುವುದು’. ಚಾಸರನ ಕಾಲದ ‘ಬೈ ಹಾರ್ಟ್’ ಎಂಬುದಕ್ಕೆ ನಮ್ಮ ‘ಹೃದ್ಗತ’ವೇ ತಕ್ಕ ಪದ.

ಉರುಹೊಡೆದದ್ದು ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಹೃದ್ಗತವಾದದ್ದು ಹಾಗಲ್ಲ. ಅಜ್ಜಿ ಹೇಳಿಕೊಟ್ಟ ಹಾಡು, ಬಾಲ್ಯದಲ್ಲಿ ಕಲಿತ ಮಗ್ಗಿ, ಅರ್ಥ ತಿಳಿದು ಮೆಚ್ಚಿ ಕಲಿತ ಪದ್ಯ ಇವೆಲ್ಲ ಕೈಯಲ್ಲಿ ಪುಸ್ತಕವಿಲ್ಲದಾಗಲೂ, ವಿದ್ಯುತ್ತು ಹೋದಾಗಲೂ ನಮ್ಮ ಜೊತೆಗಿರುತ್ತವೆ. ಬೇಕಾದ ಮಾಹಿತಿಯೆಲ್ಲ ಮೊಬೈಲಿನಲ್ಲಿದ್ದಮೇಲೆ ನೆನಪಿಡುವುದೇಕೆ ಎಂಬ ಪ್ರಶ್ನೆಯನ್ನು ಇಂದಿನ ವಿದ್ಯಾರ್ಥಿಗಳು ಕೇಳುವುದು ಸಹಜ. ಹಾರ್ವೆಯ ಬದುಕಿನಲ್ಲೇ ಉತ್ತರವಿದೆ. ಗೇಲನನ ಗ್ರಂಥಗಳು ಅವನ ಕಾಲದ ವೈದ್ಯರೆಲ್ಲರಿಗೂ ಪಾಠವಾಗಿದ್ದವು. ಅವನೂ ಅವನ್ನು ಚೆನ್ನಾಗಿ ಬಲ್ಲವನಾಗಿದ್ದ. ಬಲ್ಲವನಾಗಿದ್ದುದರಿಂದಲೇ ಅವುಗಳ ಲೆಕ್ಕ ಎಲ್ಲಿ ತಪ್ಪಿದೆ ಎಂಬುದು ಅವನಿಗೆ ಹೊಳೆಯಿತು. ಪಾಠವನ್ನು ಬರಿಯ ಬಾಯಲ್ಲಿ ಇಟ್ಟುಕೊಂಡವರು ಅದನ್ನು ಶಿಷ್ಯರಿಗೆ ಒಪ್ಪಿಸಿ ಹೋದರು. ಹಾರ್ವೆ ಅದನ್ನು ಪ್ರಶ್ನಿಸಿದ. ಮುಂದಿನ ಸಲ ಒಂದು ಪಾಠವನ್ನು ‘ಬೈಹಾರ್ಟ್’ ಮಾಡಲು ಕುಳಿತಾಗ, ಅದರ ಬಗ್ಗೆ ನಿಮ್ಮದೇ ಒಂದು ಪ್ರಶ್ನೆಯನ್ನೂ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.